ಹಗ್ಗದ ಮೇಲೆ ಹೇಳಿದ ಮಾತು

ಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ದಂತವೈದ್ಯರು ಕಳಿಸಿದ ಅಚ್ಚನ್ನು ಮುಂದಿಟ್ಟುಕೊಂಡು, ಮೇಣದ ವಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಹಾಗಾಗಿ ನಾಟಕದ ತಂಡದಲ್ಲಿ ಎಲ್ಲರಿಗೂ ಅವಳು ಹಲ್ಲಕ್ಕ. ಊರಿನವರ ಬಾಯಿ ತುಂಬಿಸುವವಳು ತಾನು ಮಾತ್ರ ಬಾಯಿ ಬಿಡುವುದಿಲ್ಲ ಎಂದು ಅವರು ರೇಗಿಸುತ್ತಿದ್ದರು.

ಮುಚ್ಚಿಹೋದ ಪ್ರೆಸ್ಸೊಂದರ ಕಟ್ಟಡದಲ್ಲಿ ಸಂಜೆ ಹೊತ್ತು ಸೇರುವ ಹವ್ಯಾಸಿ ತಂಡ ಅದು. ಅವಳನ್ನು ಅಲ್ಲಿಗೆ ಎಳೆದುಕೊಂಡು ಬಂದವಳು ಔಷಧಿ ಅಂಗಡಿಯ ಗೆಳತಿ. ತಂಡಕ್ಕೆ ನಾಟಕ ಬರೆದುಕೊಡುವವಳೂ ಅವಳೇ. ಹಲ್ಲಕ್ಕನಿಗೆ ಸಿಗುತ್ತಿದ್ದದ್ದು ಬಂದು ಹೋಗುವ ಪಾತ್ರಗಳು; ಅಷ್ಟಕ್ಕೇ ಅವಳು ಹಿಗ್ಗುತ್ತಿದ್ದಳು.

ನಾಟಕ ಆಡಿಸುವ ಮೇಷ್ಟ್ರಿಗೆ ಒಂದು ಹುಚ್ಚು. ಒಬ್ಬರ ಮೇಲೊಬ್ಬರಿಗೆ ಭರವಸೆ ಇಲ್ಲದವರು ರಂಗದ ಮೇಲೆ ಸುಳ್ಳನ್ನೂ ನೆಟ್ಟಗೆ ಹೇಳಲಾರರು ಎಂದು ವರ್ಷಕ್ಕೊಮ್ಮೆ ತಂಡವನ್ನೆಲ್ಲ ಸಾಹಸ ಸ್ಪರ್ಧೆಗೆ ಹೊರಡಿಸುತ್ತಿದ್ದರು. ತೆಪ್ಪ ಕಟ್ಟುವುದು, ಗೋಡೆ ಹತ್ತುವುದು, ಹೀಗೆ. ಆ ವರ್ಷ ಹಳೆಯ ಕಲ್ಲುಕ್ವಾರಿಯ ಎರಡು ಬಂಡೆಗಳ ನಡುವೆ ಹಗ್ಗದ ಸೇತುವೆ ಕಟ್ಟಿದ್ದರು. ಸೊಂಟಕ್ಕೆ ಸೊಂಟ ಬಿಗಿದುಕೊಂಡು ಇಬ್ಬಿಬ್ಬರಾಗಿ ದಾಟಬೇಕು. ಹಲ್ಲಕ್ಕ ಗೆಳತಿಯ ಜೊತೆ ಹೊರಟಳು. ನಡುವಿಗೆ ಬಂದಾಗ ಕೆಳಗಿನ ನೀರು ಕಣ್ಣಿಗೆ ಬಿದ್ದು, ಕಾಲು ಮರಗಟ್ಟಿ ನಿಂತುಬಿಟ್ಟಿತು.

"ಕೆಳಗೆ ನೋಡ್ಬೇಡ ಕಣೇ. ಏನಾದ್ರೂ ಮಾತಾಡು," ಎಂದಳು ಗೆಳತಿ.

ಅವಳು ಮಾತಾಡಿದಳು. ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದು ಹೊರಗೆ ಬಂತು. ಕೆಲಸಕ್ಕೆಂದು ಹೋದ ಗಂಡ ತಿರುಗಿ ಬರಲೇ ಇಲ್ಲ. ಅಕ್ಕಪಕ್ಕದವರಿಗೆ ಅವನಿಗೆ ರಾತ್ರಿ ಪಾಳಿ ಎಂದಳು. ಅವರು ನಂಬಲೆಂದು ವಾರವಾರ ಅವನ ಅಂಗಿಗಳನ್ನು ಒಗೆದು ಬಾಲ್ಕನಿಯಲ್ಲಿ ಒಣಹಾಕಿದಳು. ಯಾರೂ ತೊಡದ ಅಂಗಿಗಳ ಬಣ್ಣ ಬರೀ ಒಗೆದೂ ಒಗೆದೂ ಮಾಸಿತು. ಹೇಳುತ್ತ ಹೇಳುತ್ತ ಆಚೆ ಬಂಡೆ ಬಂದೇಬಿಟ್ಟಿತ್ತು. ಗೆಳತಿ ಅವಳನ್ನು ತಬ್ಬಿಕೊಂಡು ಅತ್ತಳು. ಈ ಮಾತು ಇಲ್ಲಿಂದಾಚೆ ಹೋಗುವುದಿಲ್ಲ ಎಂದು ಕೈ ಹಿಡಿದು ಹೇಳಿದಳು. ಅವತ್ತು ಹಲ್ಲಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿತ್ತು.

ಮುಂದಿನ ನಾಟಕ ನಗೆನಾಟಕ. ಗೆಳತಿ ಅದನ್ನು ತಂಡದ ಮುಂದೆ ಓದುತ್ತ ಹೋದಳು. ಗಂಡ ಓಡಿಹೋದ ಹೆಂಗಸೊಬ್ಬಳು ಅವನ ಅಂಗಿಗಳನ್ನು ಒಗೆದು ಹರವುವ ದೃಶ್ಯ ಬಂದಾಗ ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಹಲ್ಲಕ್ಕ ಗೆಳತಿಯ ಮುಖ ನೋಡಿದಳು. ಅವಳು ಹಾಳೆಯಿಂದ ತಲೆ ಎತ್ತಲಿಲ್ಲ.

ಎಲ್ಲರೂ ಹೋದಮೇಲೆ ಹಲ್ಲಕ್ಕ ಕೇಳಿದಳು: "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ," ಎಂದಳು ಗೆಳತಿ. "ಅದಕ್ಕೇ ಕೇಳ್ಲಿಲ್ಲ."

ಆಮೇಲೆ ಅವಳ ಮುಖ ನೋಡಿ ಮೆತ್ತಗಾಗಿ, ಆ ದೃಶ್ಯ ತೆಗೆದುಬಿಡುತ್ತೇನೆ ಎಂದಳು. ತಾಲೀಮಿನಲ್ಲಿ ಅದನ್ನು ಮತ್ತೆ ಮಾಡಿಸಲೂ ಇಲ್ಲ. ಹಲ್ಲಕ್ಕ ನಂಬಿದಳು. ನಂಬಿಕೊಂಡೇ ಪರವೂರಿನಲ್ಲಿದ್ದ ತಂಗಿಯನ್ನು ಪ್ರದರ್ಶನಕ್ಕೆ ಕರೆದಳು.

ಪ್ರದರ್ಶನದ ಸಂಜೆ ಪಕ್ಕದ ಮನೆಯವಳ ವೇಷದಲ್ಲಿ ಪರದೆಯ ಮರೆಯಲ್ಲಿ ನಿಂತಿದ್ದಾಗ, ರಂಗದ ಮೇಲೆ ಹಗ್ಗ ಕಟ್ಟುವುದು ಕಂಡಿತು. ಅಂಗಿಗಳು ಬಂದವು. ಸಭಾಂಗಣ ನಗುವಿನಿಂದ ತುಂಬಿತು. ಅವಳನ್ನು ಬಿಟ್ಟು ಉಳಿದವರೆಲ್ಲ ಬೇರೆ ಕಡೆ ಸೇರಿ ಅಭ್ಯಾಸ ಮಾಡಿದ್ದರು. ಮೇಷ್ಟ್ರಿಗೂ ಗೊತ್ತಿತ್ತು.

ಅದಾದ ಕೂಡಲೇ ಅವಳ ಪ್ರವೇಶ, ನಾಟಕದ ಕೊನೆಯದು. ಹೋದಳು. ಆಡಬೇಕಿದ್ದ ಮಾತು ಬಾಯಿಗೆ ಬರಲಿಲ್ಲ. ಹಗ್ಗದ ಹತ್ತಿರ ನಡೆದು ಒಂದು ಅಂಗಿ ತೆಗೆದಳು. ಕಾಲರು ನೇರ ಮಾಡಿ, ತೋಳುಗಳನ್ನು ಹಿಂದಕ್ಕೆ ಮಡಚಿ, ರಂಗದ ಮೇಲಿದ್ದ ಮಂಚದಲ್ಲಿಟ್ಟಳು. ಆಮೇಲೆ ಇನ್ನೊಂದು. ನಗು ಅಲ್ಲಲ್ಲಿ ಕಡಿಮೆಯಾಗುತ್ತ ನಿಂತೇಹೋಯಿತು. ಕೊನೆಯ ಅಂಗಿ ಮಡಚಿಟ್ಟು ಒಳಗೆ ಬಂದಾಗ ಚಪ್ಪಾಳೆ ಕೇಳಿಸಿತು. ಎಂಥ ಮುಕ್ತಾಯ ಬರೆದಿದ್ದೀರಿ ಎಂದು ಜನ ಗೆಳತಿಯನ್ನು ಮುತ್ತಿಕೊಂಡರು. ಅವಳು ಅಲ್ಲಗಳೆಯಲಿಲ್ಲ; ನಗುತ್ತ ಕೈ ಮುಗಿದಳು.

ಹೊರಗೆ ತಂಗಿ ಕಾಯುತ್ತಿದ್ದಳು.

"ನಾಟಕದ ಆ ಅಂಗಿ ಕಥೆ ಭಾವಂದೇನಾ, ಅಕ್ಕಾ?"

ಅವಳು ಹೌದೆಂದು ತಲೆ ಆಡಿಸಿದಳು.

"ಮಾತಾಡ್ಕೊಂಡೇ ಬೇರೆಯಾದ್ವಿ ಅಂದಿದ್ದೆ ನನಗೆ. ನಾಟಕ ಬರೆದವಳಿಗೆ ಮಾತ್ರ ನಿಜ ಹೇಳಿದ್ಯಾ?"

ತಂಗಿ ಉಳಿದುಕೊಳ್ಳದೆ ಅದೇ ರಾತ್ರಿಯ ಬಸ್ಸು ಹತ್ತಿದಳು.

ಹಲ್ಲಕ್ಕ ಆ ಕಟ್ಟಡದ ಕಡೆ ಮತ್ತೆ ಕಾಲಿಡಲಿಲ್ಲ. ನಾಟಕ ಮಾತ್ರ ಊರೂರು ಸುತ್ತಿತು. ಅಂಗಿ ಮಡಚುವುದನ್ನೂ ಗೆಳತಿ ಬರೆದು ಸೇರಿಸಿಕೊಂಡಿದ್ದಳು. ಈಗ ಅದನ್ನು ಬೇರೊಬ್ಬಳು ಮಾಡುತ್ತಿದ್ದಳು. ಒಮ್ಮೆ ಗೆಳತಿ ಅವಳ ಕೆಲಸದ ಕೋಣೆಗೇ ಬಂದು, ಇಷ್ಟಕ್ಕೆಲ್ಲ ಮುನಿಸೇ ಎಂದಳು. ಹಲ್ಲಕ್ಕ ಕೈಯಲ್ಲಿದ್ದ ಮೇಣದ ದವಡೆಯಿಂದ ಕಣ್ಣು ತೆಗೆಯಲಿಲ್ಲ. ಗೆಳತಿ ಹೊರಟುಹೋದಳು.

ತಂಗಿಯ ಫೋನು ಬರಲು ಬಹಳ ಕಾಲ ಹಿಡಿಯಿತು. ಬಂದಾಗ ಅವಳು ಮಕ್ಕಳ ಶಾಲೆ, ಕೆಮ್ಮು ಎಂದೆಲ್ಲ ಹೇಳಿದಳು. ಹಲ್ಲಕ್ಕ ಕುರ್ಚಿ ಎಳೆದುಕೊಂಡು ಕೂತು, ಗಂಡ ಮನೆ ಬಿಟ್ಟ ಬೆಳಗಿನಿಂದ ಹೇಳಲು ಶುರುಮಾಡಿದಳು.