ತೊಳೆದ ಟ್ಯಾಂಕಿ

ತೊಳೆಯುವ ವಿಷಯದಲ್ಲಿ ನನ್ನದು ಹುಚ್ಚೇ ಸೈ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಗಂಗೊಳ್ಳಿಯ ಬೋಟುಗಳಿಂದ ಬಿಚ್ಚಿದ ಸಾಮಾನು ಮನೆಗಳ ಜಗಲಿ ಸೇರುತ್ತದೆ. ನನ್ನ ಗಂಡ ಬೋಟಿನ ಎಂಜಿನ್ ನೋಡಿಕೊಳ್ಳುವವರು. ಆ ವರ್ಷ ಅವರು ತಂದಿಟ್ಟದ್ದರಲ್ಲಿ ಹೊಸದೊಂದು ಕೆಂಪು ಟ್ಯಾಂಕಿ ಇತ್ತು. ಎಂಜಿನ್ ಕೋಣೆಯಲ್ಲಿ ಬೆಂಕಿ ಎದ್ದರೆ ಮಂಜಿನಷ್ಟು ಸಣ್ಣಗೆ ನೀರು ಚಿಮ್ಮಿಸುವ ಯಂತ್ರದ್ದು. ಹೊಸ ಋತುವಿಗೆ ಬೋಟಿಗೆ ಹಳೆ ನೀರು ಹತ್ತಿಸಬಾರದೆಂಬುದು ನಮ್ಮತ್ತೆ ಹಾಕಿಕೊಟ್ಟ ಕ್ರಮ. ಮುಚ್ಚಳ ತೆಗೆದರೆ ಒಳಗೆ ಲೋಳೆಲೋಳೆ ನೀರು. ಗಂಡಸರ ಕೊಳಕುತನವನ್ನು ಬೈಯುತ್ತಾ ಅದನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಮೂರು ಸಲ ತೊಳೆದು, ಬಾವಿ ನೀರು ತುಂಬಿಸಿಟ್ಟೆ. ಬುಡದಲ್ಲಿ ನೊರೆ ಎದ್ದದ್ದು ಕಂಡರೂ ನನಗೇನೂ ಅನ್ನಿಸಲಿಲ್ಲ.

ಮಳೆಗಾಲ ಮುಗಿದು, ಆ ಟ್ಯಾಂಕಿ ಹೊತ್ತು ಬೋಟು ಕಡಲಿಗೆ ಹೋದ ಎರಡನೇ ದಿನ, ಆ ಯಂತ್ರ ಜೋಡಿಸಿದ ಮೆಕ್ಯಾನಿಕ್ ಬಂದರಿನಲ್ಲಿ ಸಿಕ್ಕಿದ. ಟ್ಯಾಂಕಿ ಫಳಫಳ ಮಾಡಿದ್ದೇನೆಂದು ಅವನೆದುರು ಜಂಬ ಕೊಚ್ಚಿದೆ. ಅವನ ಮುಖ ಬಿಳಿಚಿಕೊಂಡಿತು.

"ಎಂತ ಮಾಡಿದ್ರಿ ಮಾರ್ರೆ! ಆ ನೀರಂಗೆ ಮದ್ದ್ ಬೆರ್ಸಿದ್ದೆ. ಬರೀ ನೀರಾರೆ ಡೀಸೆಲ್ ಬೆಂಕಿ ಅಡಗಿ ಮತ್ತೆ ಏಳತ್ತ್."

ಪೊಟ್ಯಾಸಿಯಂ ಉಪ್ಪು, ನೊರೆ ಬರಿಸುವ ದ್ರಾವಣ ಎಂದೆಲ್ಲ ಅವನು ಹೇಳುತ್ತಲೇ ಇದ್ದ. ಬೋಟು ಆಗಲೇ ಫೋನು, ವೈರ್‌ಲೆಸ್ಸು ಎರಡೂ ಮುಟ್ಟದಷ್ಟು ದೂರ ಹೋಗಿತ್ತು.

ಮುಂದಿನ ನಾಲ್ಕು ದಿನ ಹೆದರಿಕೆಯಲ್ಲೇ ಸತ್ತೆ. ದೋಸೆ ಕಾವಲಿಗೆ ನೀರು ಚಿಮುಕಿಸಿದರೆ ಚುಂಯ್ ಎಂಬ ಸದ್ದಿಗೇ ಬೆಚ್ಚಿಬೀಳುತ್ತಿದ್ದೆ. ಅಂಗಳಕ್ಕೆ ಹೋದರೆ ಆ ತೆಂಗಿನ ಮರ ನೋಡಲಾಗುತ್ತಿರಲಿಲ್ಲ.

ಐದನೇ ದಿನ ಮಧ್ಯಾಹ್ನ ಬೋಟು ಬಂತು. ಇವರು ನಗುತ್ತಲೇ ಇಳಿದರು. ಹುಬ್ಬು ಸುಟ್ಟು ಹೋಗಿತ್ತು.

"ಡೀಸೆಲ್ ಪೈಪ್ ಒಡ್ದಿತ್ ಮಾರಾಯ್ತಿ. ಮೂರ್ ಸಲ ನಂದ್ಸಿದೆ, ಮೂರ್ ಸಲ ಎದ್ತ್. ಟ್ಯಾಂಕಿ ಪೂರಾ ಖಾಲಿ. ಆ ಮದ್ದ್ ಇದ್ದದ್ದಕ್ಕೆ ಬದ್ಕಿದೆ, ಕಾಣ್!"

ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮೆಕ್ಯಾನಿಕ್ ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಖಾಲಿಯಾದ ಟ್ಯಾಂಕಿಗೆ ಮತ್ತೆ ಬರೀ ನೀರು ತುಂಬಿಸಿದರೆ? ಅದನ್ನೇ ನಂಬಿ ಇವರು ಮತ್ತೆ ಬೆಂಕಿಗೆ ಇಳಿದರೆ? ಐಸ್ ಪೆಟ್ಟಿಗೆಗಳ ನಡುವೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ.

ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ನಗು ನಿಂತಿತು. ಅಲ್ಲೇ ಒಂದು ಪೆಟ್ಟಿಗೆಯ ಮೇಲೆ ಕುಳಿತರು. ಸುಟ್ಟ ಹುಬ್ಬನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು.

"ಉಳ್ದೋರೆಲ್ಲ ಕಡ್ಲಿಗ್ ಹಾರುಕ್ ತಯಾರಾಯಿದ್ರ್," ಎಂದರು. "ಮದ್ದ್ ಇತ್ತಂದೇಳಿ ಅಲ್ದ ನಾನೊಬ್ಬ ಒಳಗ್ ಇಳ್ದದ್ದ್."