ಅಣ್ಣನ ಕೈ ಬಲ್ಲವಳು

ಹಾಸಿಗೆ ಅಂಗಡಿಯಲ್ಲಿ ಹತ್ತಿ ಬಿಡಿಸುವ ಕೆಲಸ ಅವಳದು. ಕೂದಲು, ಹುಬ್ಬು, ರೆಪ್ಪೆಗಳ ಮೇಲೆಲ್ಲ ಎಳೆ ಕೂತು ವಯಸ್ಸಿಗೆ ಮೊದಲೇ ಮುದುಕಿಯಂತೆ ಕಾಣುತ್ತಿದ್ದಳು. ಓಣಿಯವರು ಬಿಳಿಯಕ್ಕ ಎಂದೇ ಕರೆಯುತ್ತಿದ್ದರು. ಅವಳೊಂದು ಸಲ ಸೀನಿದರೆ ದಿಂಬಿಗಾಗುವಷ್ಟು ಹತ್ತಿ ಉದುರುತ್ತದೆ ಎಂದು, ಅದೇ ಅಂಗಡಿಯಲ್ಲಿ ಹಾಸಿಗೆ ಹೊಲಿಯುತ್ತಿದ್ದ ಅತ್ತಿಗೆ ನಗಾಡುತ್ತಿದ್ದಳು.

ಅಣ್ಣ ಎತ್ತಿದ ಕೈಯನ್ನು ಸುಮ್ಮನೆ ಇಳಿಸುವವನಲ್ಲ. ಚಿಕ್ಕಂದಿನಲ್ಲಿ ತಂಗಿಯ ಬೆರಳನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದಿದ್ದ. ಮದುವೆಯಾದ ಮೇಲೆ ಆ ಕೈ ಹೆಂಡತಿಯ ಕಡೆ ತಿರುಗಿತು. ಅವನ ಏಟಿಗೆ ಅತ್ತಿಗೆಯ ಒಂದು ಕಿವಿ ಕಿವುಡಾಗಿತ್ತು. ಅವಳು ಠಾಣೆಗೆ ಹೋದಾಗಲೆಲ್ಲ, ಹೊಂದಿಕೊಂಡು ಹೋಗಮ್ಮ ಎಂದು ಬುದ್ಧಿ ಹೇಳಿ ಅವನ ಜೊತೆಗೇ ಕಳಿಸಿದ್ದರು.

ಒಂದು ಮಧ್ಯಾಹ್ನ, ಮಾಲೀಕ ಊಟಕ್ಕೆ ಹೋಗಿದ್ದಾಗ, ಅಣ್ಣ ಅಂಗಡಿಗೆ ನುಗ್ಗಿದ. ಹೇಳದೆ ತವರಿಗೆ ಹೋಗಿಬಂದಳೆಂಬುದು ನೆಪ. ಅತ್ತಿಗೆಯ ಜುಟ್ಟು ಹಿಡಿದು ಕೆಡವಿ, ಬಾಯಿಗೆ ಹತ್ತಿ ತುರುಕಿ, ಮುಖದ ಮೇಲೆ ದಿಂಬು ಒತ್ತಿ, ಎದೆಯ ಮೇಲೆ ಮೊಣಕಾಲೂರಿ ಕೂತ. ಬಿಳಿಯಕ್ಕ ಅವನ ಕೊರಳಪಟ್ಟಿ ಹಿಡಿದೆಳೆದಳು. ಅವನು ತಿರುಗಿಯೂ ನೋಡದೆ ಮೊಣಕೈ ಬೀಸಿದ. ಅವಳ ಮುಂದಿನ ಹಲ್ಲುಗಳು ಬಾಯೊಳಗೇ ಉದುರಿದವು. ಅತ್ತಿಗೆಯ ಕಾಲುಗಳ ಒದ್ದಾಟ ಕಮ್ಮಿಯಾಗುತ್ತ ಬಂತು. ನೆಲ ತಡಕುತ್ತಿದ್ದ ಅತ್ತಿಗೆಯ ಕೈಗೆ ಹಾಸಿಗೆ ಹೊಲಿಯುವ ಗೇಣುದ್ದದ ದಬ್ಬಣ ಸಿಕ್ಕಿತು. ಏನೂ ಕಾಣದೆ ಮೇಲಕ್ಕೆ ತಿವಿದಳು. ಅದು ಅಣ್ಣನ ಕುತ್ತಿಗೆಗೆ ಇಳಿಯಿತು. ಹತ್ತಿಯ ರಾಶಿಯೆಲ್ಲ ಕೆಂಪಾಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಅತ್ತಿಗೆಯನ್ನು ಕೊಲೆಗಾತಿ ಎಂದು ಜೈಲಿಗೆ ಹಾಕಿದರು. ಅಣ್ಣ ಅಂಗಡಿಯಲ್ಲೇ ಮಲಗಿ ನಿದ್ದೆಹೋಗಿದ್ದಾಗ ತಿವಿದಳೆಂದು ಸಾಕ್ಷಿ ಹೇಳಬೇಕು ಎಂದು ಅಪ್ಪ ಬಿಳಿಯಕ್ಕನಿಗೆ ತಾಕೀತು ಮಾಡಿದ. ಅವಳು ಒಪ್ಪಲಿಲ್ಲ. ಅಪ್ಪ ಬೆಲ್ಟು ಬಿಚ್ಚಿದ. ಬೆನ್ನು ಸುಲಿದುಹೋದರೂ ಒಪ್ಪದಿದ್ದಾಗ ಅವಳ ತಲೆಯನ್ನು ಗೋಡೆಗೆ ಜಜ್ಜಿದ. ಅಮ್ಮ ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದಳು. ರಕ್ತ ಸೋರುವ ಹಣೆಯನ್ನು ಒತ್ತಿಹಿಡಿದು ಬಿಳಿಯಕ್ಕ ಮನೆ ಬಿಟ್ಟಳು. ನೆಟ್ಟಗೆ ಅತ್ತಿಗೆಯ ವಕೀಲೆಯ ಕಚೇರಿಗೆ ಹೋಗಿ ಕೂತಳು.

ಜೈಲಿನ ಭೇಟಿಯಲ್ಲಿ ಅತ್ತಿಗೆ ಅವಳ ಹಣೆಯ ಹೊಲಿಗೆ ನೋಡಿ, ನನ್ನ ಸಹವಾಸ ಬಿಟ್ಟುಬಿಡು ಎಂದಳು. ಬಿಳಿಯಕ್ಕ ಅದು ಕಿವಿಗೇ ಬೀಳಲಿಲ್ಲವೆಂಬಂತೆ, ಒಳಗೆ ಚಳಿಯಾ, ಹೊದೆಯೋಕೆ ಏನಾದರೂ ಕೊಟ್ಟಿದ್ದಾರಾ ಎಂದು ವಿಚಾರಿಸಿದಳು.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಕೇಳಿದರು: “ಸತ್ತವನು ನಿಮ್ಮ ಒಡಹುಟ್ಟಿದ ಅಣ್ಣ ತಾನೆ?”

“ಹೌದು ಸಾರ್. ಅದಕ್ಕೇ ಅವನ ಕೈ ಎಂಥದ್ದು ಅಂತ ನನಗೆ ಗೊತ್ತು.”

“ಹೊಡೆದು ಬಿಟ್ಟುಬಿಡ್ತಿದ್ದ. ಸಾಯಿಸ್ತಿರಲಿಲ್ಲ, ಅಲ್ವಾ?”

ಅವಳು ಬಾಯಿ ತೆರೆದು ಹಲ್ಲಿಲ್ಲದ ಜಾಗ ತೋರಿಸಿದಳು. “ಇದು ನನ್ನ ಕಡೆ ನೋಡದೇ ಹೊಡೆದಿದ್ದು ಸಾರ್. ಅತ್ತಿಗೇನ ನೋಡ್ಕೊಂಡೇ ಒತ್ತುತ್ತಿದ್ದ.”

ಜೀವ ಉಳಿಸಿಕೊಳ್ಳಲು ತಿವಿದದ್ದೆಂದು ನ್ಯಾಯಾಧೀಶರು ಅತ್ತಿಗೆಯನ್ನು ಬಿಟ್ಟರು. ಅಷ್ಟರಲ್ಲಿ ಜೈಲಿನೊಳಗೇ ಅವಳ ತಲೆ ಅರ್ಧ ನರೆತಿತ್ತು. ಈಗ ಅವಳೂ ಬಿಳಿಯಕ್ಕನೂ ಒಂದೇ ಬಾಡಿಗೆ ಕೋಣೆಯಲ್ಲಿದ್ದಾರೆ. ಮುಖದ ಹತ್ತಿರ ಯಾರ ಕೈ ಬಂದರೂ ಅತ್ತಿಗೆಗೆ ಉಸಿರು ಕಟ್ಟುತ್ತದೆ.

ಒಂದು ದಿನ ಅಮ್ಮ ಬಂದು ಹೊಸ್ತಿಲಲ್ಲೇ ಕುಸಿದು ಕೂತಳು. ಸೊಸೆಯನ್ನು ಕೇಳಿದಳು: “ಅವನು ತುಂಬಾ ಒದ್ದಾಡಿದನಾ?”

“ಒದ್ದಾಡಿದ್ರು ಅತ್ತೆ.”

ಅಮ್ಮ ಹಣೆ ಚಚ್ಚಿಕೊಂಡು ಅಳತೊಡಗಿದಳು. ಅತ್ತಿಗೆ ಅವಳ ಪಕ್ಕದಲ್ಲಿ ಕೂತು ಆ ಕೈಗಳನ್ನು ಹಿಡಿದುಕೊಂಡಳು. ಬಿಳಿಯಕ್ಕನಿಗೆ ಅಮ್ಮನನ್ನು ಕ್ಷಮಿಸಲು ಮನಸ್ಸಾಗಲಿಲ್ಲ. ಹೋಗು ಎನ್ನಲೂ ಬಾಯಿ ಬರಲಿಲ್ಲ.