ಅರವತ್ತೇಳನೇ ಪ್ರಶ್ನೆಯ ಸರಿಯುತ್ತರ

ಅಚ್ಚುಕೂಟದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕರಡಕ್ಕ ಎಂದೇ. ದೊಡ್ಡ ಅಧಿಕಾರಿಗಳಾಗಬೇಕೆಂದು ಪರೀಕ್ಷೆಗೆ ಕೂರುವವರು ಓದುವ ಸಾಮಾನ್ಯ ಜ್ಞಾನದ ಗೈಡುಗಳ ಕರಡನ್ನು ಇಪ್ಪತ್ತೆರಡು ವರ್ಷಗಳಿಂದ ತಿದ್ದುತ್ತಿದ್ದವಳು. ರಕ್ತ ಹೆಪ್ಪುಗಟ್ಟಲು ಯಾವ ವಿಟಮಿನ್ ಬೇಕು, ಹಗುರವಾದ ಲೋಹ ಯಾವುದು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿದ್ದವು. ಆದರೂ ಅವಳ ಕಣ್ಣು ಇರುತ್ತಿದ್ದದ್ದು ಕೊಂಬು, ದೀರ್ಘ, ಒತ್ತಕ್ಷರಗಳ ಮೇಲೆ. ‘ಸೂರ್ಯಗ್ರಹಣ’ವು ‘ಸೂರ್ಯಗೃಹಿಣಿ’ಯಾಗಿ ಹೊರಟಿದ್ದನ್ನು ಯಂತ್ರದ ಬಾಯಿಂದ ಎಳೆದು ತಂದವಳು ಅವಳೇ.

ಅಚ್ಚುಕೂಟದ ಯಜಮಾನರಿಗೆ ಪುಟದಲ್ಲಿ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ಇನ್ನೂರ ಹದಿನಾಲ್ಕನೇ ಪುಟದ ಕೆಳಗೆ ಎರಡು ಸಾಲು ಉಳಿದವು.

“ಏನಾದ್ರೂ ತುಂಬ್ಸಮ್ಮ. ಖಾಲಿ ಬಿಟ್ರೆ ಪುಸ್ತಕ ಬಡವಾಗಿ ಕಾಣುತ್ತೆ,” ಎಂದರು.

ಊಟದ ಹೊತ್ತಾಗಿತ್ತು. ಬಂದು ಸರಿಯಾದ ಪ್ರಶ್ನೆ ಹುಡುಕಿದರಾಯಿತೆಂದು, ಸದ್ಯಕ್ಕೆ ಜಾಗ ಹಿಡಿದಿಡಲು ಮನಸ್ಸಿಗೆ ಬಂದದ್ದನ್ನು ಗೀಚಿದಳು: ‘ಮನೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವ ಪದ್ಧತಿಯನ್ನು ಮೊದಲು ಜಾರಿಗೆ ತಂದವರು ಯಾರು? ಉತ್ತರ: ಗಡಿಯಾರದಮ್ಮ.’

ಗಡಿಯಾರದಮ್ಮ ಅಂದರೆ ಅವಳ ಅತ್ತೆ. ಮನೆಯ ಗಡಿಯಾರ ಸದಾ ಹತ್ತು ನಿಮಿಷ ಮುಂದಿರುತ್ತಿತ್ತು. ಬೀದಿಯವರು ಸಮಯ ಕೇಳಿದರೆ ಅತ್ತೆ ಕಿಟಕಿಯಿಂದಲೇ, “ಎಂಟೂ ಇಪ್ಪತ್ತು, ಹತ್ತು ಕಳೀರಿ!” ಎಂದು ಕೂಗುತ್ತಿದ್ದರು. ಬೀದಿಯವರು ಇಟ್ಟ ಹೆಸರು ಅದು.

ಕರಡಕ್ಕ ಊಟ ಮುಗಿಸಿ ಬರುವಷ್ಟರಲ್ಲಿ ಪುಟ ಯಂತ್ರಕ್ಕೆ ಹೋಗಿ ಮೂರು ಸಾವಿರ ಪ್ರತಿ ಹೊರಬಿದ್ದಿತ್ತು. ಅವಳು ಯಜಮಾನರ ಹತ್ತಿರ ಓಡಿದಳು.

“ಬಿಡಮ್ಮ, ಇನ್ನೂರ ಹದಿನಾಲ್ಕನೇ ಪುಟದ ತನಕ ಯಾರು ಬರ್ತಾರೆ?” ಎಂದರು ಯಜಮಾನರು.

ಪರೀಕ್ಷೆಗೆ ಓದುವವರನ್ನು ಅವರು ಅರಿತಿರಲಿಲ್ಲ. ಆ ಓದುವವರು ಗೈಡಿನ ರಟ್ಟಿನ ಮೇಲಿನ ಅಚ್ಚುಕೂಟದ ವಿಳಾಸವನ್ನೂ ಬಾಯಿಪಾಠ ಮಾಡುವ ಜನ. ಒಂದೇ ವರ್ಷದಲ್ಲಿ ಇನ್ನೊಂದು ಪ್ರಕಾಶನದ ಗೈಡು ಆ ಪ್ರಶ್ನೆಯನ್ನು ಎತ್ತಿಕೊಂಡಿತು. ಮೂರನೆಯದು ಕದ್ದದ್ದು ಗೊತ್ತಾಗಬಾರದೆಂದು ಇಸವಿಯೊಂದನ್ನು ಸೇರಿಸಿತು. ನಾಲ್ಕನೆಯದು ‘ಹೊಂದಿಸಿ ಬರೆಯಿರಿ’ಯಲ್ಲಿ ಗಡಿಯಾರದಮ್ಮನನ್ನು ಉಗಿಯಂತ್ರದ ಕೆಳಗೂ ಸಿಡುಬಿನ ಲಸಿಕೆಯ ಮೇಲೂ ಕೂರಿಸಿತು. ಮೂರನೇ ವರ್ಷ ಅದು ಪರೀಕ್ಷೆಯಲ್ಲೇ ಬಂತು, ಅರವತ್ತೇಳನೇ ಪ್ರಶ್ನೆಯಾಗಿ.

ಕರಡಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಅತ್ತೆಗೆ ಗೊತ್ತಾದರೆ ಮನೆ ರಣರಂಗವಾಗುತ್ತದೆ. ಗಂಡ ರೈಲಿನ ಕೆಲಸದವನು, ತಿಂಗಳಿಗೆ ಎರಡು ಸಲ ಮನೆಗೆ ಬರುವವನು. ನಡುವೆ ನಿಲ್ಲುವವರೂ ಇಲ್ಲ.

ಆದರೆ ಒಂದು ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ಕನ್ನಡಕ ಹಾಕಿದ, ಕೂದಲು ಅರ್ಧ ಉದುರಿದ ಒಬ್ಬ ನಿಂತಿದ್ದ, ಕಂಕುಳಲ್ಲಿ ನಾಲ್ಕು ಗೈಡು.

“ಗಡಿಯಾರದಮ್ಮ ಅನ್ನೋರು ಈ ಬೀದೀಲಿ ಇದಾರೆ ಅಂತ ಚಹದ ಅಂಗಡಿಯವರು ಹೇಳಿದ್ರು. ಅರ್ಧ ಅಂಕದಲ್ಲಿ ಫೇಲಾಗಿದೀನಿ ಅಮ್ಮ. ನನಗಿದು ಕೊನೇ ಅವಕಾಶ. ಅರವತ್ತೇಳಕ್ಕೆ ‘ಮೇಲಿನ ಯಾರೂ ಅಲ್ಲ’ ಅಂತ ಗುರುತು ಹಾಕಿದ್ದೆ, ಅದನ್ನ ತಪ್ಪು ಅಂದ್ರು.”

ಅತ್ತೆ ಗೈಡು ಕಿತ್ತುಕೊಂಡು ಎರಡು ಸಾಲನ್ನು ಎರಡು ಸಲ ಓದಿದರು. ಕರಡಕ್ಕ ಗೋಡೆಗೆ ಅಂಟಿಕೊಂಡು, “ನಾನೇ ಅತ್ತೆ, ಸುಮ್ಮನೆ ಬರ್ದಿದ್ದು...” ಎಂದಳು.

“ಸುಮ್ಮನೆ ಬರೆಯೋದಾದ್ರೂ ನಿಜ ಬರೀಬಾರ್ದಾ?” ಅತ್ತೆಯ ಮುಖ ಕೆಂಪಾಗಿತ್ತು. “ಇದನ್ನ ಶುರು ಮಾಡಿದ್ದು ನಾನಾ? ನನ್ನ ನಾದಿನಿ! ಅವಳು ಮದುವೆಯಾಗಿ ಹೋದ್ಮೇಲೆ ನಾನು ಮುಂದುವರಿಸಿದ್ದು, ಅಷ್ಟೆ. ಇನ್ನೊಬ್ಬರ ಕೆಲಸಕ್ಕೆ ನನ್ನ ಹೆಸರಾ?”

ಕರಡಕ್ಕ ದಂಗಾದಳು. ಒಂದು ಇಸ್ತ್ರಿಪೆಟ್ಟಿಗೆಯ ವಿಷಯಕ್ಕೆ ಆ ನಾದಿನಿಯೊಂದಿಗೆ ಅತ್ತೆ ಮಾತು ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಅವಳ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ ಹೆಂಗಸು ಈಗ ಅವಳ ಪರವಾಗಿ ಚಪ್ಪಲಿ ಮೆಟ್ಟಿ ಹೊರಟಿದ್ದರು.

“ನಡೀರಿ, ನಾಳೆ ಬೆಳಗ್ಗೆ ಆ ಪರೀಕ್ಷೆ ಕಚೇರಿಗೆ ಹೋಗಣ.”

“ಇವತ್ತು ಯಾಕೆ ಚಪ್ಪಲಿ ಮೆಟ್ಟಿದ್ರಿ ಅತ್ತೆ?”

“ಕೋಪಕ್ಕೆ!”

ಮರುದಿನ ಪರೀಕ್ಷಾ ಕಚೇರಿಯ ಕಿಂಡಿಯಲ್ಲಿ ಗುಮಾಸ್ತ ತಲೆ ಎತ್ತಲಿಲ್ಲ. “ಆಕ್ಷೇಪಣೆಗೆ ಆಧಾರ ಗ್ರಂಥ ಲಗತ್ತಿಸಬೇಕು.”

“ನಾನೇ ಆಧಾರ,” ಎಂದರು ಅತ್ತೆ.

“ಅಮ್ಮಾ, ನೀವು ಗ್ರಂಥ ಅಲ್ಲ.”

ಅರ್ಧ ಅಂಕದವನು ಫಾರಂ ತುಂಬಿದ. ಹದಿನೈದು ದಿನಕ್ಕೆ ಪರಿಣತರ ಸಮಿತಿಯಿಂದ ಕರೆ ಬಂತು. ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ಅವರ ಮುಂದೆ ನಾಲ್ಕು ಗೈಡು, ನಾಲ್ಕು ನೀರಿನ ಲೋಟ.

“ನೀವೇ ಗಡಿಯಾರದಮ್ಮ ಅನ್ನೋದಕ್ಕೆ ಪುರಾವೆ ಏನು?” ಎಂದರು ಅಧ್ಯಕ್ಷರು.

“ನಮ್ಮ ಬೀದೀಲಿ ಯಾರನ್ನಾದ್ರೂ ಕೇಳಿ.”

“ಬೀದಿ ಪ್ರಮಾಣಿತ ಮೂಲ ಅಲ್ಲ. ನಾವೇ ಒಂದು ಪ್ರಶ್ನೆ ಕೇಳಿ ಪರೀಕ್ಷಿಸ್ತೀವಿ. ಗಡಿಯಾರ ಮುಂದಿಡೋ ಪದ್ಧತಿ ಮೊದಲು ತಂದವರು ಯಾರು?”

“ನನ್ನ ನಾದಿನಿ!”

ಮೂವರೂ ಮುಖ ಮುಖ ನೋಡಿಕೊಂಡರು. ಅಧ್ಯಕ್ಷರು ಬೇಸರದಿಂದ ಪೆನ್ನಿನ ಮುಚ್ಚಳ ಹಾಕಿದರು. “ತಪ್ಪು ಉತ್ತರ. ನಿಜವಾದ ಗಡಿಯಾರದಮ್ಮನಿಗೆ ಇಷ್ಟೂ ಗೊತ್ತಿರಲ್ವಾ?”

ಕರಡಕ್ಕನಿಗೆ ತಡೆಯಲಾಗಲಿಲ್ಲ. “ಸಾರ್, ಅದನ್ನ ಬರೆದವಳೇ ನಾನು. ಊಟಕ್ಕೆ ಹೋಗೋ ಆತುರದಲ್ಲಿ ಬರೆದೆ.”

“ಆತುರದಲ್ಲಿ ಬರೆದಿದ್ದು ನಾಲ್ಕು ಗ್ರಂಥದಲ್ಲಿ ಬರುತ್ತಾ ತಾಯಿ?” ಎಂದು ಎರಡನೇ ಪರಿಣತರು ಮೃದುವಾಗಿಯೇ ಕೇಳಿದರು. “ಒಂದರಲ್ಲಂತೂ ಇಸವಿ ಕೂಡ ಇದೆ.”

ಮೂರನೆಯವರು ನಾಲ್ಕನೇ ಲೋಟದ ನೀರನ್ನು ಅತ್ತೆಗೆ ಕೊಟ್ಟರು. ಆ ದಿನ ಅಲ್ಲಿ ಸಿಕ್ಕ ನ್ಯಾಯ ಅಷ್ಟೇ.

ಹೊರಗೆ ಮೆಟ್ಟಿಲ ಮೇಲೆ ಅತ್ತೆ ಕೂತರು. “ಹಂಗಾದ್ರೆ ಬಾಯಲ್ಲಿ ಹೇಳಿದ್ದಕ್ಕೆ ಬೆಲೇನೇ ಇಲ್ಲ, ಅಚ್ಚಾಗಿದ್ದಕ್ಕೆ ಮಾತ್ರ. ಏನೇ, ನೀನು ಅಚ್ಚುಕೂಟದಲ್ಲಿ ಇಷ್ಟು ವರ್ಷ ಏನು ಕಡಿದೆ?”

ಆ ಮಾತು ಕರಡಕ್ಕನಿಗೆ ಚುಚ್ಚಿತು. ಅದರಲ್ಲೇ ದಾರಿಯೂ ಕಂಡಿತು. ಹೊಸ ಆವೃತ್ತಿ ಯಂತ್ರಕ್ಕೆ ಹೋಗುವುದರಲ್ಲಿತ್ತು. ಇನ್ನೂರ ಹದಿನಾಲ್ಕನೇ ಪುಟದಲ್ಲಿ ಉತ್ತರವನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ಗಡಿಯಾರದಮ್ಮನವರ ನಾದಿನಿ’ ಎಂದು ಬರೆದಳು. ಯಜಮಾನರು, “ಇದರಿಂದ ಮತ್ತೆ ತಕರಾರು ಬರಲ್ವಾ?” ಎಂದರು. ಆಮೇಲೆ ತಕರಾರಿರುವ ಗೈಡು ಹೆಚ್ಚು ಖರ್ಚಾಗುತ್ತದೆಂದು ಅವರಿಗೇ ಹೊಳೆದು ಪುಟವನ್ನು ಯಂತ್ರಕ್ಕೆ ಕಳಿಸಿದರು.

ಅರ್ಧ ಅಂಕದವನು ಹಸಿ ಶಾಯಿಯ ಪ್ರತಿಯನ್ನೇ ಒಯ್ದು ಕಿಂಡಿಯಲ್ಲಿ ಇಟ್ಟ. ಗುಮಾಸ್ತ ಈ ಸಲ ತಲೆ ಎತ್ತಿದ. ಗ್ರಂಥಕ್ಕೂ ಗ್ರಂಥಕ್ಕೂ ಭಿನ್ನಾಭಿಪ್ರಾಯವೆಂದರೆ ಗಂಭೀರ ವಿಷಯ. ಸಮಿತಿ ಮೂರು ಸಲ ಸೇರಿ ಪ್ರಶ್ನೆಯನ್ನೇ ರದ್ದು ಮಾಡಿತು, ಇದ್ದ ಅಂಕದ ಮೇಲೆ ತಲೆಗೊಂದು ಹಂಚಿತು. ಸರಿ ಬರೆದವರಿಗೂ, ತಪ್ಪು ಬರೆದವರಿಗೂ, ಅರವತ್ತೇಳನ್ನು ಮುಟ್ಟದೆ ಬಿಟ್ಟವರಿಗೂ. ಎಲ್ಲರಿಗೂ ಒಂದೊಂದು ಏರಿದ ಮೇಲೆ ಉತ್ತೀರ್ಣದ ಗೆರೆಯೂ ಒಂದು ಏರಿತು. ಅರ್ಧ ಅಂಕದವನು ಇದ್ದಲ್ಲೇ ಇದ್ದ, ಅರ್ಧ ಅಂಕ ಕೆಳಗೆ.

ಸುದ್ದಿ ಹೇಳಲು ಬಂದವನು ಕುರ್ಚಿಯಲ್ಲಿ ಕೂತು ಹೇಳಿ ಮುಗಿಸಿದ. ಆಮೇಲೆ ನಗಲು ಶುರು ಮಾಡಿದ. ಅತ್ತೆ ಅವನಿಗೆ ಅನ್ನ ಬಡಿಸಿದರು, ಎರಡನೇ ಸಲವೂ ಕೇಳದೆ ಬಡಿಸಿದರು. ಉಣ್ಣುತ್ತಲೇ ಅವನು ಹೊಸ ಆವೃತ್ತಿಯಲ್ಲಿ ಹನ್ನೊಂದು ತಪ್ಪು ಇದೆ ಎಂದ, ಪುಟಸಂಖ್ಯೆ ಸಮೇತ. ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಕರಡಕ್ಕನಿಗೆ ಮೊದಲು ಉರಿಯಿತು. ಆಮೇಲೆ ಪುಟ ತಿರುವಿ ನೋಡಿ, ಮರುದಿನವೇ ಅವನನ್ನು ಯಜಮಾನರ ಎದುರು ನಿಲ್ಲಿಸಿದಳು. ಅವನೀಗ ಅವಳ ಎದುರಿನ ಮೇಜಿನಲ್ಲಿ ಕೂರುತ್ತಾನೆ. ದಿನಕ್ಕೆರಡು ಸಲ ಇಬ್ಬರಿಗೂ ಅಲ್ಪವಿರಾಮದ ಮೇಲೆ ಜಗಳ.

ಹೊಸ ಆವೃತ್ತಿ ಅಂಗಡಿಗಳಿಗೆ ಹೋಗಿ ಎರಡು ತಿಂಗಳಾಗಿರಬೇಕು, ಒಂದು ಸಂಜೆ ಮನೆಯ ಫೋನು ಹೊಡೆದುಕೊಂಡಿತು. ಅತ್ತೆಯೇ ಎತ್ತಿದರು. ಆ ಕಡೆಯ ದನಿ ಕೋಣೆಯ ಈ ಕೊನೆಗೂ ಕೇಳುವಷ್ಟು ಗಟ್ಟಿಯಾಗಿತ್ತು.

“ಅತ್ತಿಗೆ, ನನ್ನ ಮೊಮ್ಮಗಳ ಗೈಡಲ್ಲಿ ನೋಡಿದೆ. ಹತ್ತಲ್ಲ, ನಾನು ಇಡ್ತಿದ್ದದ್ದು ಹದಿನೈದು ನಿಮಿಷ!”

“ಹತ್ತೇ ಕಣೇ!” ಎಂದು ಅತ್ತೆ ಕಿರುಚಿದರು. “ನಾನು ಕಣ್ಣಾರೆ ನೋಡಿದೀನಿ, ಹತ್ತೇ!”

ಹದಿನಾಲ್ಕು ವರ್ಷಗಳ ಮೇಲೆ ಶುರುವಾದ ಮಾತು ಒಂದು ಗಂಟೆಯಾದರೂ ನಿಲ್ಲಲಿಲ್ಲ. ಕರಡಕ್ಕ ಒಂದು ಕುರ್ಚಿ ಎಳೆದು ಅತ್ತೆಯ ಹಿಂದೆ ಇಟ್ಟಳು. ಅತ್ತೆ ಜಗಳ ನಿಲ್ಲಿಸದೆ, ಹಿಂದೆ ನೋಡದೆ ಅದರ ಮೇಲೆ ಕೂತರು.